ಪ್ಲೇಯರ್ ಕೊಳ್ಳುವುದು ಹೇಗೆಂದು ಬರೆದಿರಿ, ಶುರು ಮಾಡುವುದು ಹೇಗೆಂದೂ ಬರೆಯಿರಿ

ಸಂಪಾದಕರೇ, ನಮಸ್ಕಾರ.

ನಿಮ್ಮ ತಂತ್ರಜ್ಞಾನ ಪುಟದಲ್ಲಿ ಜೇಬಿನಲ್ಲಿ ಇಟ್ಟುಕೊಳ್ಳುವ ಮ್ಯೂಸಿಕ್ ಪ್ಲೇಯರ್‌ಗಳ ಬಗ್ಗೆ ಬಂದ ಲೇಖನ ಓದಿದೆ. ಯಾವುದರಲ್ಲಿ ಎಷ್ಟು ಮೆಮೊರಿ, ಬ್ಯಾಟರಿ ಎಷ್ಟು ಗಂಟೆ ಬರುತ್ತದೆ, ತೂಕ ಎಷ್ಟು ಅಂತ ದೊಡ್ಡ ಪಟ್ಟಿಯನ್ನೇ ಕೊಟ್ಟಿದ್ದೀರಿ. ಕೊನೆಗೆ ನಕ್ಷತ್ರಗಳೂ ಇದ್ದವು. ಚೆನ್ನಾಗಿತ್ತು. ಆದರೆ ಅದನ್ನು ಓದಿ ಯಾರೋ ಒಬ್ಬರು ಪ್ಲೇಯರ್ ತಂದರು ಅಂತಿಟ್ಟುಕೊಳ್ಳಿ. ಡಬ್ಬಿ ಬಿಚ್ಚಿದರು. ಆಮೇಲೆ ಏನು ಮಾಡಬೇಕು ಅನ್ನುವುದಕ್ಕೆ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ. ಡಬ್ಬಿಯೊಳಗಿನ ಪುಸ್ತಕದಲ್ಲೂ ಇರುವುದಿಲ್ಲ. ಅದರಲ್ಲಿ ಇರುವುದು ನೀರಿಗೆ ಹಾಕಬೇಡಿ, ಬೆಂಕಿಗೆ ಹಾಕಬೇಡಿ ಅನ್ನುವ ಎಚ್ಚರಿಕೆ, ಅದೂ ಭೂತಕನ್ನಡಿ ಹಿಡಿದು ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ.

ನಾನು ಕೆಲಸದಲ್ಲಿದ್ದಷ್ಟು ಕಾಲವೂ ಕಚೇರಿಯ ರೆಕಾರ್ಡ್ ರೂಮಿನಲ್ಲೇ ಇದ್ದವಳು. ಕಡತ ಜೋಡಿಸುವುದು, ನಂಬರ್ ಹಾಕುವುದು, ಕೇಳಿದಾಗ ಹುಡುಕಿ ಕೊಡುವುದು ನನ್ನ ಕೆಲಸ. ನಿವೃತ್ತಿಯಾದ ಮೇಲೆ ಅದು ಹೇಗೋ ಈ ಪ್ಲೇಯರ್‌ಗಳ ಕಡೆ ತಿರುಗಿತು. ನೆಂಟರು, ಹಳೇ ಸಹೋದ್ಯೋಗಿಗಳು, ಅವರ ಮಕ್ಕಳು ‘ಸ್ವಲ್ಪ ನೋಡಿ ಮೇಡಂ’ ಅಂತ ತಂದು ಕೊಡುತ್ತಾರೆ. ಹಾಗೆ ಬಂದವುಗಳಲ್ಲಿ ನಿಜವಾಗಿ ಕೆಟ್ಟವು ಬಹಳ ಕಡಿಮೆ. ಹೆಚ್ಚಿನವು ಹೊಚ್ಚ ಹೊಸವು. ಒಳಗೆ ಕಂಪನಿಯವರೇ ಹಾಕಿಕೊಟ್ಟ ಒಂದೆರಡು ಮಾದರಿ ಹಾಡು ಬಿಟ್ಟರೆ ಏನೂ ಇರುವುದಿಲ್ಲ. ಮೊದಲ ದಿನ ಸಂಜೆ ಏನೋ ಸಿಕ್ಕಿಹಾಕಿಕೊಂಡಿರುತ್ತದೆ. ಮಾಲೀಕರಿಗೆ ಬೇಸರ ಬಂದು ಡ್ರಾಯರ್‌ಗೆ ಸೇರಿಸಿರುತ್ತಾರೆ. ಅದಕ್ಕೇ ಹೇಳುತ್ತಿದ್ದೇನೆ, ಯಾವುದನ್ನು ಕೊಳ್ಳಬೇಕು ಅನ್ನುವುದಕ್ಕಿಂತ ಮೊದಲ ಸಂಜೆ ಹೇಗೆ ದಾಟಬೇಕು ಅನ್ನುವುದೇ ಜನಕ್ಕೆ ಬೇಕಾಗಿರುವುದು.

ಫೋನ್ ಇರುವಾಗ ಇದೆಲ್ಲ ಯಾಕೆ ಅಂತ ನಿಮ್ಮ ಓದುಗರು ಕೇಳುತ್ತಾರೆ. ನನ್ನನ್ನೂ ಕೇಳುತ್ತಾರೆ. ಫೋನಿನಲ್ಲಿ ಹಾಡು ಕೇಳುತ್ತಿದ್ದರೆ ಮಧ್ಯೆ ಕರೆ ಬರುತ್ತದೆ, ಮೆಸೇಜು ಟಿಂಗ್ ಅನ್ನುತ್ತದೆ, ಜಾಹೀರಾತು ನುಗ್ಗುತ್ತದೆ. ಹಾಡು ಹಾಕೋಣ ಅಂತ ಕೈಗೆತ್ತಿಕೊಂಡವರು ಅರ್ಧ ಗಂಟೆ ಇನ್ನೇನೋ ನೋಡಿ ಕೆಳಗಿಡುತ್ತಾರೆ. ಪ್ಲೇಯರ್‌ಗೆ ಆ ಚಾಳಿ ಇಲ್ಲ. ನನ್ನ ಮಟ್ಟಿಗೆ ಇನ್ನೊಂದು ಕಾರಣವಿದೆ. ನನಗೆ ಕಣ್ಣು ಮಂಜು. ನನ್ನ ಪ್ಲೇಯರ್‌ನ ಬದಿಯಲ್ಲಿ ನಿಜವಾದ ಗುಂಡಿಗಳಿವೆ, ನಡುವಿನ ಗುಂಡಿಯ ಮೇಲೆ ಒಂದು ಸಣ್ಣ ಉಬ್ಬಿದೆ. ಜೇಬಿನೊಳಗೇ ಬೆರಳಾಡಿಸಿ ಮುಂದಿನ ಹಾಡಿಗೆ ಹೋಗಬಲ್ಲೆ, ನಿಲ್ಲಿಸಬಲ್ಲೆ. ನುಣುಪಾದ ಗಾಜಿನ ಮೇಲೆ ಇದು ಆಗುವ ಮಾತಲ್ಲ.

ಈ ಯಂತ್ರಗಳ ಕಾಲ ಮುಗಿಯಿತು ಅಂತ ಕೆಲವರು ಬರೆಯುತ್ತಾರೆ. ಅದು ಅರ್ಧ ನಿಜ. 1998ರಲ್ಲಿ ಕೊರಿಯಾದ ಸೇಹಾನ್ ಕಂಪನಿ ಎಂಪಿಮ್ಯಾನ್ ಅನ್ನುವ ಪ್ಲೇಯರ್ ತಂದಿತು. ಅದರ ಮೆಮೊರಿ 32 ಎಂಬಿ. ಸಾಧಾರಣ ಗುಣಮಟ್ಟದಲ್ಲಿ ತುಂಬಿಸಿದರೂ ಅರ್ಧ ಗಂಟೆಯ ಹಾಡು, ಅಷ್ಟೇ. ಅದೇ ವರ್ಷ ಬಂದ ಡೈಮಂಡ್ ರಿಯೋ ಅನ್ನುವ ಪ್ಲೇಯರ್ ಮೇಲೆ ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ ಕೋರ್ಟಿಗೇ ಹೋಯಿತು. 1999ರಲ್ಲಿ ಮೇಲ್ಮನವಿ ಕೋರ್ಟು ಪ್ಲೇಯರ್ ಕಂಪನಿಯ ಪರ ತೀರ್ಪು ಕೊಟ್ಟಿತು. ಆ ತೀರ್ಪು ಬೇರೆ ಥರ ಬಂದಿದ್ದರೆ ಮುಂದಿನ ಕಥೆಯೇ ಬೇರೆಯಾಗುತ್ತಿತ್ತೇನೋ. 2001ರಲ್ಲಿ ಐಪಾಡ್ ಬಂತು, 5 ಜಿಬಿ ಹಾರ್ಡ್ ಡಿಸ್ಕ್, ಜೇಬಿನಲ್ಲಿ 1,000 ಹಾಡು ಅಂತ ಪ್ರಚಾರ. 2022ರ ಮೇ ತಿಂಗಳಲ್ಲಿ ಆಪಲ್ ಅದನ್ನು ನಿಲ್ಲಿಸುವುದಾಗಿ ಹೇಳಿತು. ನಿಂತಿದ್ದು ಆ ಹೆಸರು. 1979ರಲ್ಲಿ ಕ್ಯಾಸೆಟ್ಟಿನ ಜೊತೆ ಹುಟ್ಟಿದ ವಾಕ್‌ಮನ್ ಹೆಸರು ಈಗಲೂ ಸೋನಿಯ ಡಿಜಿಟಲ್ ಪ್ಲೇಯರ್‌ಗಳ ಮೇಲಿದೆ. ಪತ್ರ ಉದ್ದವಾಯಿತು ಅಂತ ಕತ್ತರಿ ಹಾಕುವುದಿದ್ದರೆ ಈ ಪ್ಯಾರಾಕ್ಕೆ ಹಾಕಿ. ಮುಂದೆ ಬರುವ ಫೋಲ್ಡರ್ ವಿಷಯಕ್ಕೆ ಮಾತ್ರ ದಯವಿಟ್ಟು ಬೇಡ.

ಮೊದಲ ಸಂಜೆಗೆ ಬರೋಣ. ನನ್ನ ತಮ್ಮ ಒಂದು ಪ್ಲೇಯರ್ ತಂದು, ‘ಅಕ್ಕಾ, ಸತ್ತ ಪೀಸ್ ಕೊಟ್ಟುಬಿಟ್ಟಿದ್ದಾರೆ ಕಣೇ, ಯಾವ ಗುಂಡಿ ಒತ್ತಿದರೂ ಸುಮ್ನೆ ಕೂತಿರುತ್ತೆ’ ಅಂದ. ಬದಿಯಲ್ಲಿ ಅಕ್ಕಿಕಾಳಿನಷ್ಟು ಒಂದು ಜಾರುಗುಂಡಿ ಇತ್ತು. ಪಕ್ಕದಲ್ಲಿ ಬೀಗದ ಚಿತ್ರ. ಅದಕ್ಕೆ ಹೋಲ್ಡ್ ಅನ್ನುತ್ತಾರೆ. ಜೇಬಿನಲ್ಲಿದ್ದಾಗ ಗುಂಡಿಗಳು ತಾವಾಗಿ ಒತ್ತಿಹೋಗದಿರಲಿ ಅಂತ ಕೊಟ್ಟಿರುತ್ತಾರೆ. ಡಬ್ಬಿಯಿಂದ ತೆಗೆಯುವಾಗ ಉಗುರು ತಾಗಿ ಅದು ಜಾರಿದ್ದಿರಬೇಕು. ಈಚೆಗೆ ಸರಿಸಿದೆ, ದೀಪ ಬಂತು. ತಮ್ಮನ ಮುಖ ನೋಡಬೇಕಿತ್ತು! ಜಾರುಗುಂಡಿ ಇಲ್ಲದ ಪ್ಲೇಯರ್‌ಗಳಲ್ಲಿ ಯಾವುದಾದರೂ ಒಂದು ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಬೀಗ ಬೀಳುವುದು, ಬಿಡುವುದು ಆಗುತ್ತದೆ. ನಿಜವಾಗಿ ಹ್ಯಾಂಗ್ ಆಗಿದ್ದರೆ ಪವರ್ ಗುಂಡಿಯನ್ನು ಹತ್ತು ಹದಿನೈದು ಸೆಕೆಂಡು ಬಿಡದೆ ಒತ್ತಿ ನೋಡಿ. ಕೆಲವಕ್ಕೆ ಸೂಜಿ ಹೋಗುವಷ್ಟು ಒಂದು ರೀಸೆಟ್ ತೂತು ಇರುತ್ತದೆ. ಮೈಕ್‌ನ ತೂತೂ ಅಷ್ಟೇ ಸಣ್ಣದು, ಆದ್ದರಿಂದ ಹೆಸರು ಓದಿಕೊಂಡೇ ಚುಚ್ಚಿ.

ಇನ್ನೊಂದು ತೊಡಕು ಕೇಬಲ್‌ನದು. ‘ಕಂಪ್ಯೂಟರ್‌ಗೆ ಹಾಕಿದೆ, ಚಾರ್ಜ್ ಆಗ್ತಿದೆ, ಆದರೆ ಕಂಪ್ಯೂಟರ್‌ನಲ್ಲಿ ಕಾಣ್ತಾನೇ ಇಲ್ಲ’ ಅನ್ನುವವರು ಬಹಳ ಜನ. ಮಾಮೂಲಿ ಯುಎಸ್‌ಬಿ ಕೇಬಲ್ಲಿನೊಳಗೆ ಕರೆಂಟ್‌ಗೆ ಎರಡು ತಂತಿ, ಫೈಲ್ ಸಾಗಿಸಲು ಎರಡು ತಂತಿ ಇರುತ್ತವೆ. ಯಾವುದೋ ಟಾರ್ಚ್ ಜೊತೆ, ಫ್ಯಾನ್ ಜೊತೆ ಬಂದ ಅಗ್ಗದ ಕೇಬಲ್ಲಿನಲ್ಲಿ ಫೈಲಿನ ತಂತಿಗಳೇ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಪ್ಲೇಯರ್ ಜೊತೆ ಬಂದ ಕೇಬಲ್ಲಿಗೆ ಒಂದು ಚೀಟಿ ಕಟ್ಟಿಡಿ. ಆ ಕೇಬಲ್ ಹಾಕಿಯೂ ಕಾಣದಿದ್ದರೆ ಪ್ಲೇಯರ್‌ನ ಸ್ಕ್ರೀನ್ ನೋಡಿ. ಚಾರ್ಜ್ ಮಾತ್ರ ಮಾಡಬೇಕೋ, ಫೈಲ್ ಕೂಡ ಸಾಗಿಸಬೇಕೋ ಅಂತ ಅದು ಕೇಳಿ ಕಾಯುತ್ತಾ ಕೂತಿರುತ್ತದೆ.

ಈಗ ಹಾಡು. ಇಲ್ಲೇ ಜನ ಹೆಚ್ಚಾಗಿ ಕೈ ಚೆಲ್ಲುವುದು. ಹಾಡು ಎಲ್ಲಿಂದ ಬರಬೇಕು ಅನ್ನುವುದನ್ನು ಪ್ಲೇಯರ್ ಮಾರುವವರು ಹೇಳುವುದಿಲ್ಲ. ತಿಂಗಳ ಚಂದಾ ಕಟ್ಟಿ ಫೋನಿನಲ್ಲಿ ಕೇಳುವ ಹಾಡುಗಳನ್ನು ‘ಡೌನ್‌ಲೋಡ್’ ಮಾಡಿಟ್ಟಿದ್ದೇನೆ, ಅದನ್ನೇ ಹಾಕಿಕೊಡಿ ಅಂತ ಕೇಳುತ್ತಾರೆ. ಆಗುವುದಿಲ್ಲ. ಆ ಫೈಲುಗಳಿಗೆ ಬೀಗ ಇರುತ್ತದೆ, ಆ ಆ್ಯಪ್ ಬಿಟ್ಟು ಬೇರೆಲ್ಲೂ ಅವು ಹಾಡುವುದಿಲ್ಲ. ಅದೇ ಆ್ಯಪ್ ಹಾಕಿಕೊಳ್ಳಬಹುದಾದ ದೊಡ್ಡ ಪ್ಲೇಯರ್‌ಗಳಿವೆ, ಆದರೆ ಅವು ಕರೆ ಮಾಡಲು ಬಾರದ ಫೋನುಗಳೇ ಸರಿ. ಸಾಮಾನ್ಯ ಪ್ಲೇಯರ್‌ಗೆ ಬೇಕಾದ್ದು ಬೀಗವಿಲ್ಲದ ಫೈಲು. ಹಣ ಕೊಟ್ಟು ಕೊಂಡ ಎಂಪಿ3, ಕಲಾವಿದರೇ ಹಂಚಿಕೊಂಡದ್ದು, ನಿಮ್ಮದೇ ರೆಕಾರ್ಡಿಂಗು, ಇಲ್ಲವೇ ಮನೆಯಲ್ಲಿರುವ ಸಿಡಿ.

ಸಿಡಿಯ ದಾರಿಯಲ್ಲಿ ಒಂದು ಹಳ್ಳ ಇದೆ, ಬೀಳದವರು ಕಡಿಮೆ. ವಿಂಡೋಸ್ ಕಂಪ್ಯೂಟರ್‌ಗೆ ಹಾಡಿನ ಸಿಡಿ ಹಾಕಿ ತೆರೆದರೆ ಟ್ರ್ಯಾಕ್01, ಟ್ರ್ಯಾಕ್02 ಅಂತ ಸಾಲಾಗಿ ಫೈಲು ಕಾಣುತ್ತವೆ. ಪ್ರತಿ ಹೆಸರಿನ ಕೊನೆಯಲ್ಲಿ ಸಿಡಿಎ ಅಂತ ಇರುತ್ತದೆ. ಜನ ಅವನ್ನೆಲ್ಲ ಹಿಡಿದು ಪ್ಲೇಯರ್‌ಗೆ ಎಳೆದು ಹಾಕುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕಾಪಿ ಆಗುತ್ತದೆ. ಎಷ್ಟು ವೇಗ ಅಂತ ಖುಷಿಯೂ ಆಗುತ್ತದೆ. ಪ್ಲೇಯರ್ ಮಾತ್ರ ಏನೂ ಹಾಡುವುದಿಲ್ಲ. ಆ ಫೈಲಿನ ಮೇಲೆ ಒಮ್ಮೆ ಬಲಗಡೆ ಕ್ಲಿಕ್ ಮಾಡಿ ಅಳತೆ ನೋಡಿ. ಒಂದೊಂದೂ 44 ಬೈಟ್! ಈ ಒಂದು ವಾಕ್ಯದಷ್ಟೂ ಜಾಗವಿಲ್ಲದ ಫೈಲಿನಲ್ಲಿ ಹಾಡು ಎಲ್ಲಿಂದ ಬರಬೇಕು? ಹಾಡು ಸಿಡಿಯ ಯಾವ ಜಾಗದಲ್ಲಿ ಶುರುವಾಗುತ್ತದೆ ಅನ್ನುವ ಗುರುತು ಮಾತ್ರ ಅದರಲ್ಲಿರುವುದು. ಹಾಡನ್ನೇ ಹೊರತೆಗೆಯಲು ‘ರಿಪ್’ ಮಾಡಬೇಕು. ವಿಂಡೋಸ್ ಮೀಡಿಯಾ ಪ್ಲೇಯರ್‌ನಂಥ ಸಾಫ್ಟ್‌ವೇರಿನಲ್ಲಿ ಅದೇ ಹೆಸರಿನ ಗುಂಡಿ ಇದೆ. ಒತ್ತುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಎಂಪಿ3 ಅಂತ ಆರಿಸಿಕೊಳ್ಳಿ. ಇಲ್ಲವಾದರೆ ಅದು ತನಗೆ ಇಷ್ಟವಾದ ಬೇರೆ ರೂಪದಲ್ಲಿ ಉಳಿಸುತ್ತದೆ, ಪ್ಲೇಯರ್‌ಗೆ ಅದು ಹಿಡಿಸದೆ ಹೋಗಬಹುದು.

ಆಗ ಕೆಬಿಪಿಎಸ್, ಅಂದರೆ ಸೆಕೆಂಡಿಗೆ ಕಿಲೋಬಿಟ್, ಎಷ್ಟಿರಲಿ ಅಂತ ಪ್ರಶ್ನೆ ಬರುತ್ತದೆ. ಒಂದು ಸೆಕೆಂಡಿನ ಹಾಡಿಗೆ ಎಷ್ಟು ಮಾಹಿತಿ ಖರ್ಚು ಮಾಡುತ್ತೀರಿ ಅನ್ನುವ ಲೆಕ್ಕ ಅದು. ಸಿಡಿಯಲ್ಲಿ ಅದು 1,411. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಜೊತೆಯವರು ಎಂಪಿ3 ರೂಪಿಸಿದ್ದು ಒಂದು ಜಾಣ ಲೆಕ್ಕಾಚಾರದ ಮೇಲೆ. ಜೋರಾದ ಸದ್ದಿನ ಪಕ್ಕದಲ್ಲಿರುವ ಮೆಲ್ಲನೆಯ ಸದ್ದು ಹೇಗೂ ಕಿವಿಗೆ ಬೀಳುವುದಿಲ್ಲ, ಅದನ್ನು ಬಿಟ್ಟರೆ ಏನು ನಷ್ಟ? ಹೀಗೆ ಬಿಡುತ್ತಾ ಹೋಗಿ 128 ಕೆಬಿಪಿಎಸ್‌ನಲ್ಲಿ ಒಂದು ನಿಮಿಷದ ಹಾಡನ್ನು ಸುಮಾರು 1 ಎಂಬಿಗೆ ಇಳಿಸಿದರು. ಸಿಡಿಯಲ್ಲಿ ಅದೇ ನಿಮಿಷಕ್ಕೆ 10 ಎಂಬಿಗೂ ಜಾಸ್ತಿ ಬೇಕು. 128ರಲ್ಲಿ ತಾಳದ ಸದ್ದು, ಚಪ್ಪಾಳೆ ಸ್ವಲ್ಪ ಗಲಗಲ ಅನ್ನಿಸುತ್ತದೆ, ಗಮನವಿಟ್ಟರೆ ತಿಳಿಯುತ್ತದೆ. 256 ಇಟ್ಟರೆ ನನ್ನ ಕಿವಿಗೆ ಸಿಡಿಗೂ ಅದಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ನಡೆಯುತ್ತಾ, ಬಸ್ಸಿನಲ್ಲಿ ಕೂತು ಕೇಳುವವರಿಗೆ ಅದು ಧಾರಾಳ. 32 ಜಿಬಿ ಕಾರ್ಡಿನಲ್ಲಿ ಐದು ನಿಮಿಷದ ಹಾಡು 3,000ಕ್ಕೂ ಹೆಚ್ಚು ಹಿಡಿಯುತ್ತವೆ. ಸಿಡಿಯ ಒಂದು ಚೂರೂ ಬಿಡಬಾರದು ಅನ್ನುವವರಿಗೆ ಫ್ಲ್ಯಾಕ್ ಇದೆ. ಅದು ಏನನ್ನೂ ಬಿಸಾಡದೆ ಮಡಚಿ ಇಡುತ್ತದೆ, ಜಾಗ ಸಿಡಿಯ ಅರ್ಧದಷ್ಟೋ ಸ್ವಲ್ಪ ಹೆಚ್ಚೋ ಬೇಕಾಗುತ್ತದೆ. ಹಳೇ ಸಿಡಿಗಳನ್ನು ಒಮ್ಮೆ ಫ್ಲ್ಯಾಕ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟುಕೊಂಡು, ಪ್ಲೇಯರ್‌ಗೆ ಎಂಪಿ3 ಹಾಕಿಕೊಳ್ಳುವುದು ನನ್ನ ಪದ್ಧತಿ. ಆದರೆ 128ರ ಫೈಲನ್ನು 320ಕ್ಕೆ ‘ಏರಿಸುತ್ತೇನೆ’ ಅನ್ನುವವರ ಮಾತು ನಂಬಬೇಡಿ. ಬಿಸಾಡಿದ್ದು ವಾಪಸ್ ಬರುವುದಿಲ್ಲ, ಫೈಲು ಊದಿಕೊಳ್ಳುತ್ತದೆ ಅಷ್ಟೇ.

ಇನ್ನು ನನ್ನ ಇಷ್ಟದ ವಿಷಯ, ಫೋಲ್ಡರ್. ರೆಕಾರ್ಡ್ ರೂಮಿನಲ್ಲಿ ತಪ್ಪು ಜಾಗಕ್ಕೆ ಹೋದ ಕಡತ ಕಳೆದುಹೋದ ಕಡತಕ್ಕೆ ಸಮ. ಪ್ಲೇಯರ್‌ನಲ್ಲೂ ಹಾಗೆಯೇ. ಎಲ್ಲ ಹಾಡನ್ನೂ ಒಂದೇ ಕಡೆ ಸುರಿದರೆ ಎರಡಿಂಚಿನ ಸ್ಕ್ರೀನಿನಲ್ಲಿ ಗುಂಡಿ ಒತ್ತಿ ಒತ್ತಿ ಬೆರಳು ನೋಯುತ್ತದೆಯೇ ಹೊರತು ಬೇಕಾದ್ದು ಸಿಗುವುದಿಲ್ಲ. ಹಾಡುಗಾರರ ಹೆಸರಿನಲ್ಲಿ ಒಂದು ಫೋಲ್ಡರ್, ಅದರೊಳಗೆ ಆಲ್ಬಮ್ಮಿನ ಫೋಲ್ಡರ್, ಅದರೊಳಗೆ ಹಾಡು. ಅದಕ್ಕಿಂತ ಆಳಕ್ಕೆ ಹೋಗಬೇಡಿ. ಹಾಡಿನ ಹೆಸರಿನ ಮುಂದೆ ಅಂಕಿ ಇರಲಿ, ಆದರೆ ಒಂದಂಕಿ ಬೇಡ, 01, 02 ಅಂತಲೇ ಇರಲಿ. ಯಾಕೆ ಗೊತ್ತಾ? ಬಹಳಷ್ಟು ಪ್ಲೇಯರ್‌ಗಳು ಅಂಕಿಯನ್ನು ಸಂಖ್ಯೆ ಅಂತ ಓದುವುದಿಲ್ಲ, ಒಂದೊಂದೇ ಅಕ್ಷರವಾಗಿ ಓದುತ್ತವೆ. ಹಾಗಾಗಿ 1 ಆದ ಮೇಲೆ 10, 11, 12 ಬಂದು, ಆಮೇಲೆ 2 ಬರುತ್ತದೆ. ಹಾಡಿಗೆ ಇದರಿಂದ ದೊಡ್ಡ ನಷ್ಟವೇನಿಲ್ಲ. ಆದರೆ ನನ್ನ ಹಳೇ ಸಹೋದ್ಯೋಗಿಯೊಬ್ಬರು ಒಂದು ಕಾದಂಬರಿಯ ಓದನ್ನು ಹಾಕಿಕೊಂಡು ಕೇಳುತ್ತಿದ್ದರು. ‘ಮೇಡಂ, ಮೊದಲನೇ ಭಾಗದಲ್ಲಿ ಮದುವೆ ಮಾತುಕತೆ, ಮುಂದಿನದಕ್ಕೆ ಹೋದರೆ ಮೊಮ್ಮಗ ಹುಟ್ಟಿಬಿಟ್ಟಿದ್ದಾನೆ’ ಅಂತ ಫೋನ್ ಮಾಡಿದರು. ಹೋಗಿ ನೋಡಿದರೆ ಒಂದಾದ ಮೇಲೆ ಹತ್ತನೇ ಭಾಗ. ಒಂದು ಸೊನ್ನೆ ಸೇರಿಸಿದೆ, ಕಥೆ ಸರಿಹೋಯಿತು.

ತೀರಾ ಸಣ್ಣ, ಸ್ಕ್ರೀನ್ ಇಲ್ಲದ ಪ್ಲೇಯರ್‌ಗಳು ಇನ್ನೂ ವಿಚಿತ್ರ. ಅವುಗಳಲ್ಲಿ ಕೆಲವು ಹೆಸರನ್ನೇ ನೋಡುವುದಿಲ್ಲ. ಯಾವ ಫೈಲು ಮೊದಲು ಕಾಪಿ ಆಯಿತೋ ಅದನ್ನೇ ಮೊದಲು ಹಾಡುತ್ತವೆ. ಅಂಥವಕ್ಕೆ ಇಡೀ ಫೋಲ್ಡರ್ ಒಟ್ಟಿಗೆ ಹಾಕಬೇಡಿ. ಕಾರ್ಡು ಖಾಲಿ ಮಾಡಿ, ಬೇಕಾದ ಕ್ರಮದಲ್ಲಿ ಒಂದೊಂದಾಗಿ ಕಾಪಿ ಮಾಡಿ. ಬೇಸರದ ಕೆಲಸ ನಿಜ, ಆದರೆ ಕ್ರಮ ಸರಿಹೋಗುತ್ತದೆ.

ಇಷ್ಟು ಮಾಡಿದರೂ ಕೆಲವರ ಪ್ಲೇಯರ್‌ನಲ್ಲಿ ಎಲ್ಲವೂ ‘ಅಜ್ಞಾತ ಕಲಾವಿದ’ರ ಹೆಸರಿಗೆ ಹೋಗಿ ಬೀಳುತ್ತದೆ. ಫೈಲಿನ ಹೆಸರು ಬೇರೆ, ಫೈಲಿನ ಒಳಗೆ ಬರೆದಿರುವ ಹೆಸರು ಬೇರೆ. ಒಳಗಿನದಕ್ಕೆ ಟ್ಯಾಗ್ ಅನ್ನುತ್ತಾರೆ. 1996ರಲ್ಲಿ ಬಂದ ಮೊದಲ ಪದ್ಧತಿಯಲ್ಲಿ ಎಂಪಿ3ಯ ಬಾಲದಲ್ಲಿ 128 ಬೈಟ್ ಜಾಗ ಬಿಟ್ಟು, ಅದರಲ್ಲಿ ಹಾಡಿನ ಹೆಸರಿಗೆ 30 ಅಕ್ಷರ ಮಾತ್ರ ಕೊಟ್ಟಿದ್ದರು. ಆಮೇಲಿನ ಪದ್ಧತಿಗಳಲ್ಲಿ ಜಾಗವೂ ಜಾಸ್ತಿ, ಕನ್ನಡವನ್ನೂ ಬರೆಯಬಹುದು. ಕಲಾವಿದ, ಆಲ್ಬಮ್ ಅಂತ ಹುಡುಕುವಾಗ ಪ್ಲೇಯರ್ ನೋಡುವುದು ಈ ಟ್ಯಾಗನ್ನು, ನೀವು ಕಷ್ಟಪಟ್ಟು ಮಾಡಿದ ಫೋಲ್ಡರನ್ನಲ್ಲ. ಎಂಪಿ3ಟ್ಯಾಗ್ ಅನ್ನುವ ಸಾಫ್ಟ್‌ವೇರ್ ಇದೆ, ಒಂದು ಆಲ್ಬಮ್ಮಿನ ಎಲ್ಲ ಹಾಡನ್ನೂ ಒಟ್ಟಿಗೆ ಆರಿಸಿ ಹೆಸರು ತುಂಬಬಹುದು. ಒಬ್ಬರ ಹೆಸರನ್ನು ಎಲ್ಲ ಕಡೆ ಒಂದೇ ಥರ ಬರೆಯಿರಿ. ಒಮ್ಮೆ ಇನಿಷಿಯಲ್ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಚುಕ್ಕಿ ಬಿಟ್ಟು ಬರೆದರೆ ಒಬ್ಬರೇ ಕಲಾವಿದರು ಪಟ್ಟಿಯಲ್ಲಿ ಮೂವರಾಗಿ ನಿಲ್ಲುತ್ತಾರೆ. ಇಷ್ಟೆಲ್ಲ ಬೇಡ ಅನ್ನುವವರು ಮೆನುವಿನಲ್ಲಿ ‘ಫೋಲ್ಡರ್’ ಅನ್ನುವುದನ್ನು ಹುಡುಕಿ ಅದರಿಂದಲೇ ಹಾಡಿಸಿಕೊಳ್ಳಿ. ನಾನು ಮಾಡುವುದೂ ಅದನ್ನೇ.

ಕನ್ನಡದಲ್ಲಿ ಹೆಸರು ಬರೆಯಬಹುದು ಅಂದೆ, ಪ್ಲೇಯರ್ ಅದನ್ನು ತೋರಿಸುತ್ತದೆಯೇ ಅನ್ನುವುದು ಬೇರೆ ಮಾತು. ಅಗ್ಗದ ಹಲವು ಪ್ಲೇಯರ್‌ಗಳಲ್ಲಿ ಕನ್ನಡ ಫಾಂಟೇ ಇರುವುದಿಲ್ಲ. ಸಾಲಾಗಿ ಖಾಲಿ ಚೌಕಗಳು, ಇಲ್ಲವೇ ಪ್ರಶ್ನೆ ಚಿಹ್ನೆಗಳು. ಅಕ್ಷರ ಇದ್ದರೂ ಜೋಡಿಸಲು ಬಾರದ ಪ್ಲೇಯರ್‌ಗಳಿವೆ. ಒಂದರಲ್ಲಿ ನಾನು ‘ಭಕ್ತಿ’ ಅಂತ ಬರೆದಿದ್ದೆ. ‘ಕ್’ ಬೇರೆ, ‘ತಿ’ ಬೇರೆ ಆಗಿ ಒತ್ತಕ್ಷರ ಪಕ್ಕದಲ್ಲಿ ಎದ್ದು ನಿಂತಿತ್ತು. ಹಾಗೆಂದು ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಲು ಹೊರಡಬೇಡಿ. ಮೊದಲು ಕನ್ನಡ ಹೆಸರಿನ ಒಂದೇ ಒಂದು ಫೈಲು ಹಾಕಿ ನೋಡಿ. ಸರಿಯಾಗಿ ಕಂಡರೆ ಮಿಕ್ಕದ್ದನ್ನೂ ಹಾಕಿ. ಕಾಣದಿದ್ದರೆ ಅಂಕಿ ಹಾಕಿದ ಫೋಲ್ಡರ್ ಮಾಡಿ, ಯಾವ ಅಂಕಿಯಲ್ಲಿ ಏನಿದೆ ಅಂತ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಕಾಗದ ಎಂದೂ ಹ್ಯಾಂಗ್ ಆಗುವುದಿಲ್ಲ.

ಮೆಮೊರಿ ಕಾರ್ಡಿನ ಬಗ್ಗೆ ಎರಡು ಮಾತು. 32 ಜಿಬಿವರೆಗಿನ ಕಾರ್ಡುಗಳು ಸಾಮಾನ್ಯವಾಗಿ ಫ್ಯಾಟ್32 ಅನ್ನುವ, ಫೈಲು ಜೋಡಿಸಿಡುವ ಪದ್ಧತಿಯಲ್ಲಿ ಬರುತ್ತವೆ. 64 ಮತ್ತು ಮೇಲಿನವು ಎಕ್ಸ್‌ಫ್ಯಾಟ್‌ನಲ್ಲಿ. ಹಳೇ ಪ್ಲೇಯರ್‌ಗಳಿಗೆ ಎರಡನೆಯದು ಓದಲು ಬರುವುದಿಲ್ಲ, ‘ಕಾರ್ಡ್ ಇಲ್ಲ’ ಅಂದುಬಿಡುತ್ತವೆ. ಕಾರ್ಡು ಕೆಟ್ಟಿಲ್ಲ. ನಂಬಲಾಗದಷ್ಟು ಕಡಿಮೆ ಬೆಲೆಗೆ ನೂರಾರು ಜಿಬಿ ಅಂತ ಬರುವ ಕಾರ್ಡುಗಳು ಮಾತ್ರ ನಿಜವಾಗಿಯೂ ಮೋಸ. ಕಂಪ್ಯೂಟರಿಗೆ ದೊಡ್ಡ ಅಂಕಿ ತೋರಿಸುತ್ತವೆ, ಒಳಗೆ ಜಾಗ ಇರುವುದು ಅದರ ಒಂದು ಪಾಲು. ಅದು ತುಂಬಿದ ಮೇಲೆ ಹಾಕಿದ ಹಾಡುಗಳು ಹೆಸರಿಗೆ ಇರುತ್ತವೆ, ಹಾಡುವುದಿಲ್ಲ. ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ಸಾಫ್ಟ್‌ವೇರಿನಿಂದ ಪರೀಕ್ಷೆ ಮಾಡಬಹುದು, ಕಾರ್ಡು ಖಾಲಿ ಇರುವಾಗಲೇ ಮಾಡಿ. ಮತ್ತೆ, ಕಾಪಿ ಮುಗಿದ ತಕ್ಷಣ ವೈರ್ ಕೀಳಬೇಡಿ. ಕಂಪ್ಯೂಟರಿನಲ್ಲಿ ‘ಇಜೆಕ್ಟ್’ ಕೊಟ್ಟು ಆಮೇಲೆ ತೆಗೆಯಿರಿ. ಪಟ್ಟಿ ಮುಗಿದಂತೆ ಕಂಡರೂ ಹಿಂದೆ ಬರವಣಿಗೆ ನಡೆಯುತ್ತಿರಬಹುದು, ಅರ್ಧಕ್ಕೇ ನಿಲ್ಲುವ ಹಾಡುಗಳು ಹೆಚ್ಚಾಗಿ ಹೀಗೆ ಹುಟ್ಟಿದವು. ಮ್ಯಾಕ್ ಕಂಪ್ಯೂಟರಿನಿಂದ ಹಾಕಿದರೆ ಪ್ರತಿ ಹಾಡಿನ ಜೊತೆ ಚುಕ್ಕಿಯಿಂದ ಶುರುವಾಗುವ ಒಂದು ದೆವ್ವದ ಫೈಲೂ ಸೇರಬಹುದು. ಅದು ಹಾಡಲ್ಲ, ಅಳಿಸಿದರೆ ನಷ್ಟವಿಲ್ಲ.

ಇಯರ್‌ಫೋನ್ ಬಗ್ಗೆ ನಿಮ್ಮ ಪುಟದಲ್ಲೇ ಬೇಕಾದಷ್ಟು ಬರುತ್ತದೆ. ವಾಲ್ಯೂಮ್ ಬಗ್ಗೆ ಮಾತ್ರ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಮಿತಿ, ಮಕ್ಕಳಿಗೆ 75 ಡೆಸಿಬಲ್. ಸದ್ದು 3 ಡೆಸಿಬಲ್ ಏರಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. 90ಕ್ಕೆ ಹೋದರೆ ವಾರಕ್ಕೆ 4 ಗಂಟೆ, ಮುಗಿಯಿತು. ಪ್ಲೇಯರ್‌ನ ಸ್ಕ್ರೀನಿನಲ್ಲಿರುವ ಅಂಕಿ ಡೆಸಿಬಲ್ ಅಲ್ಲ, ಅದನ್ನು ನಂಬಿ ಕೂರಬೇಡಿ. ಸೆಟ್ಟಿಂಗ್ಸ್‌ನಲ್ಲಿ ವಾಲ್ಯೂಮ್ ಮಿತಿ ಅಂತ ಇರುತ್ತದೆ, ಸದ್ದಿಲ್ಲದ ಕೋಣೆಯಲ್ಲಿ ಕೂತು ಅದನ್ನು ಒಮ್ಮೆ ಹೊಂದಿಸಿಬಿಡಿ. ಬಸ್ಸಿನಲ್ಲಿ ಕೂತು ಹೊಂದಿಸಲು ಹೋದರೆ ಎಂಜಿನ್ ಜೊತೆ ಜಗಳಕ್ಕೆ ಬಿದ್ದಂತೆ ಏರಿಸುತ್ತಲೇ ಹೋಗುತ್ತೀರಿ. ಕಿವಿಗೆ ಬಿಗಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ಆದರೆ ಹೊರಗಿನ ಸದ್ದು ಕಡಿಮೆ, ವಾಲ್ಯೂಮೂ ಕಡಿಮೆ ಸಾಕು. ರಸ್ತೆ ದಾಟುವಾಗ ಮಾತ್ರ ಒಂದು ಕಡೆಯದನ್ನು ತೆಗೆಯಿರಿ. ಇನ್ನೊಂದು ಸಣ್ಣ ವಿಷಯ. ಎಫ್‌ಎಂ ಇದೆ ಅಂತ ಕೊಂಡವರು, ಬ್ಲೂಟೂತ್ ಹಾಕಿದರೆ ರೇಡಿಯೋ ಬರುತ್ತಿಲ್ಲ ಅಂತ ದೂರುತ್ತಾರೆ. ವೈರಿನ ಇಯರ್‌ಫೋನೇ ಅದರ ಆಂಟೆನಾ. ವೈರ್ ಚುಚ್ಚಿ, ನೀಟಾಗಿ ಚಾಚಿ ಬಿಡಿ, ಬರುತ್ತದೆ.

ಕ್ರಮ ಬಿಟ್ಟು ಯಾವುದೋ ಒಂದನ್ನು ಆಯ್ದು ಹಾಡಿಸುವ ಶಫಲ್ ಅನ್ನುವ ಗುಂಡಿ ಹುಡುಗರಿಗೆ ಇಷ್ಟ, ನನಗೆ ಅಷ್ಟಕ್ಕಷ್ಟೇ. ಕಥೆ, ಉಪನ್ಯಾಸ ಕೇಳುವವರು ಅದನ್ನು ಆಫ್ ಮಾಡಿಡಿ. ಅಂಥವರಿಗೆ ಬೇಕಾದ್ದು ನಿಲ್ಲಿಸಿದ ಜಾಗದಿಂದಲೇ ಮುಂದುವರಿಯುವ ಸೌಲಭ್ಯ. ಕೆಲವು ಪ್ಲೇಯರ್‌ಗಳು ಆಫ್ ಮಾಡಿದರೆ ಮರೆತುಬಿಡುತ್ತವೆ. ಒಂದು ಗಂಟೆಯ ಉಪನ್ಯಾಸದಲ್ಲಿ ನಲವತ್ತನೇ ನಿಮಿಷ ಹುಡುಕುವುದು ಎಂಥ ಹಿಂಸೆ ಅಂತ ಅನುಭವಿಸಿದವರಿಗೇ ಗೊತ್ತು. ಹಾಡಿಸುತ್ತಾ ನಿದ್ದೆ ಹೋಗುವವರಿಗೆ ಸ್ಲೀಪ್ ಟೈಮರ್ ಇದೆ, ಮೆನುವಿನ ಯಾವುದೋ ಮೂಲೆಯಲ್ಲಿ ಇರುತ್ತದೆ, ಹುಡುಕಿ. ಬ್ಯಾಟರಿ ಲಿಥಿಯಂ ಆದ್ದರಿಂದ ಪೂರ್ತಿ ಖಾಲಿಯಾದ ಮೇಲೇ ಚಾರ್ಜ್ ಮಾಡಬೇಕು ಅನ್ನುವ ಹಳೇ ನಿಯಮ ಇದಕ್ಕಿಲ್ಲ. ಮಧ್ಯದಲ್ಲಿ ಯಾವಾಗ ಬೇಕಾದರೂ ಹಾಕಿ. ತಿಂಗಳುಗಟ್ಟಲೆ ಮುಟ್ಟುವುದಿಲ್ಲ ಅಂದರೆ ಅರ್ಧದಷ್ಟು ಚಾರ್ಜ್ ಇಟ್ಟು ಎತ್ತಿಡಿ. ಸೊನ್ನೆಗೆ ಇಳಿದು ಹಾಗೇ ಬಿದ್ದಿದ್ದ ಬ್ಯಾಟರಿ ಆಮೇಲೆ ಏಳದೆಯೂ ಹೋಗಬಹುದು.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಪ್ಲೇಯರ್‌ಗಳ ಪಟ್ಟಿ ಮಾಡುವಾಗ ನಿಮ್ಮ ವರದಿಗಾರರಿಗೆ ಅದನ್ನು ಒಂದು ಸಂಜೆ ಮನೆಗೆ ಒಯ್ಯಲು ಹೇಳಿ. ಕನ್ನಡ ಹೆಸರಿನ ಒಂದು ಹಾಡು ಹಾಕಿ ಒತ್ತಕ್ಷರ ಸರಿ ಕಾಣುತ್ತದೆಯೇ ಅಂತ ನೋಡಲಿ. ಹನ್ನೆರಡು ಭಾಗದ ಒಂದು ಕಥೆ ಹಾಕಿ ಯಾವ ಕ್ರಮದಲ್ಲಿ ಬರುತ್ತದೆ ಅಂತ ಕೇಳಲಿ. ನಡುವೆ ಆಫ್ ಮಾಡಿ ಮತ್ತೆ ಹಚ್ಚಲಿ, ಅಲ್ಲಿಂದಲೇ ಶುರುವಾಯಿತೇ ಅಥವಾ ಮೊದಲಿಗೇ ಹೋಯಿತೇ ಅಂತ ಬರೆದುಕೊಳ್ಳಲಿ. ಕಣ್ಣು ಮುಚ್ಚಿ, ಗುಂಡಿ ಸಿಗುತ್ತದೆಯೇ ನೋಡಲಿ. ಪಟ್ಟಿಯಲ್ಲಿ ಇವಕ್ಕೆ ಹೌದು, ಇಲ್ಲ ಅಂತ ಹಾಕಿದರೂ ಸಾಕು. ಜಾಗ ಸಾಲದಿದ್ದರೆ ತೂಕದ ಕಾಲಂ ತೆಗೆದುಹಾಕಿ. ಪ್ಲೇಯರ್ ಭಾರ ಅಂತ ನನ್ನ ಹತ್ತಿರ ಇದುವರೆಗೆ ಯಾರೂ ತಂದಿಲ್ಲ.

ಇಂತಿ,
ನಿಮ್ಮ ಪತ್ರಿಕೆಯ ಹಳೇ ಓದುಗರಲ್ಲೊಬ್ಬಳು,
ನಿವೃತ್ತ ರೆಕಾರ್ಡ್ ರೂಮ್ ಗುಮಾಸ್ತೆ